ಲಗ್ನಪತ್ರಿಕೆಯಲ್ಲಿ ಒಂದಕ್ಷರ ತಿದ್ದಿದ ದಿನ

ಕೆ.ಆರ್. ನಗರದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗಿ ಕೇಳಿದ ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟೆ. ತಪ್ಪು ಎಂದು ಆಗ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ನಾನು ಹುಣಸೂರಿಗೆ ವರ್ಗವಾಗಿ ಬಂದಿದ್ದೆ, ಆ ಹುಡುಗಿ ಎಲ್ಲಿದ್ದಾಳೋ ಏನೋ.

ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಇಪ್ಪತ್ತು ವರ್ಷಗಳಿಂದ ಅದೇ ಪಾಠ, ಅದೇ ಚಿತ್ರ, ಅದೇ ಬಣ್ಣದ ಸೀಮೆಸುಣ್ಣ. ಡಿಎನ್‌ಎ ಎಂದರೆ ಮೂಲ ಗ್ರಂಥ. ಜೀವಕೋಶ ಅದನ್ನು ನೇರವಾಗಿ ಮುಟ್ಟುವುದಿಲ್ಲ, ಬೇಕಾದ ಪುಟವನ್ನು ಮಾತ್ರ ಆರ್‌ಎನ್‌ಎ ಆಗಿ ನಕಲು ತೆಗೆದುಕೊಳ್ಳುತ್ತದೆ. ಆ ನಕಲಿನಲ್ಲಿ ನಡುನಡುವೆ ಕೆಲಸಕ್ಕೆ ಬಾರದ ತುಂಡುಗಳಿರುತ್ತವೆ, ಅವಕ್ಕೆ ಇಂಟ್ರಾನ್ ಎನ್ನುತ್ತಾರೆ. ಅವನ್ನು ಕತ್ತರಿಸಿ ಎಸೆದು, ಉಳಿದ ತುಂಡುಗಳನ್ನು ಒಂದಕ್ಕೊಂದು ಕೂಡಿಸಿದ ಮೇಲೆ ಅದನ್ನು ಓದಿಕೊಂಡು ಪ್ರೋಟೀನು ತಯಾರಾಗುತ್ತದೆ. ಈ ಕತ್ತರಿಸಿ ಕೂಡಿಸುವ ಕೆಲಸಕ್ಕೆ ಸ್ಪ್ಲೈಸಿಂಗ್ ಎಂದು ಹೆಸರು. ಇಷ್ಟನ್ನು ನಾನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ.

ಆ ಹುಡುಗಿ ಎದ್ದು ನಿಂತು ಕೇಳಿದ್ದು ಇಷ್ಟೇ. "ಮೇಡಂ, ಆ ಎಸೆಯೋ ತುಂಡ್ನೊಳಗೇ ಒಂದಕ್ಷರ ತಪ್ಪಾದ್ರೆ ಏನಾಯ್ತದೆ?"

"ಹೆಂಗೂ ಎಸೆಯೋದಲ್ವೇನಮ್ಮ, ಅದು ಹೆಂಗಿದ್ರೆ ಏನು? ಏನೂ ಆಗಲ್ಲ, ಕೂತ್ಕೋ" ಎಂದೆ. ಗಂಟೆ ಹೊಡೆಯಲು ಐದು ನಿಮಿಷ ಬಾಕಿ ಇತ್ತು. ಪರೀಕ್ಷೆಗೆ ಬಾರದ ಪ್ರಶ್ನೆ ಕೇಳುವ ಮಕ್ಕಳನ್ನು ಕಂಡರೆ ನನಗೆ ಆಗ ಸ್ವಲ್ಪ ಸಿಡುಕು. ಈಗಲೂ ಸಿಡುಕು ಹೋಗಿಲ್ಲ, ಆದರೆ ಕೂತ್ಕೋ ಎನ್ನುವುದನ್ನು ಬಿಟ್ಟಿದ್ದೇನೆ.

ನಮ್ಮದು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹಂಪಾಪುರದ ಪಕ್ಕದ ಊರು. ಅಕ್ಕ ಮೊದಲನೆಯವಳು, ನಡುವೆ ನಾನು, ಬಹಳ ವರ್ಷ ಬಿಟ್ಟು ಹುಟ್ಟಿದವನು ತಮ್ಮ. ಅಕ್ಕನನ್ನು ಪಿರಿಯಾಪಟ್ಟಣದ ಕಡೆಗೆ, ತಂಬಾಕು ಬೆಳೆಯುವ ಮನೆಗೆ ಕೊಟ್ಟಿತ್ತು. ತಮ್ಮ ಊರಿನಲ್ಲೇ ಉಳಿದು ಹೊಲ ನೋಡಿಕೊಂಡ. ನಾನು ಓದಿದೆ, ಮದುವೆಯಾಗಲಿಲ್ಲ. ಹಾಗಾಗಿ ಮನೆಯಲ್ಲಿ ಇಂಗ್ಲಿಷಿನ ಕಾಗದ ಏನೇ ಬಂದರೂ, ಅದು ಬ್ಯಾಂಕಿನದಾಗಲಿ ಪಂಪ್‌ಸೆಟ್ಟಿನದಾಗಲಿ, ನನ್ನ ಕೈಗೆ ಬರುತ್ತಿತ್ತು. ನಾನೂ ಕನ್ನಡಕ ಏರಿಸಿಕೊಂಡು ಗತ್ತಿನಲ್ಲಿ ಓದಿ ಹೇಳುತ್ತಿದ್ದೆ. ಆ ಗತ್ತು ನನಗೆ ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮ ಮನೆಯ ಹೆಂಗಸರಿಗೆ ರಕ್ತ ಕಮ್ಮಿ ಎಂಬ ಮಾತು ನಾನು ಕಣ್ಣು ಬಿಟ್ಟಾಗಿನಿಂದ ಇತ್ತು. ಅವ್ವ ಯಾವಾಗಲೂ ಬಿಳಿಚಿಕೊಂಡಿರುತ್ತಿದ್ದಳು. ಆಸ್ಪತ್ರೆಗೆ ಹೋದಾಗಲೆಲ್ಲ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುತ್ತಿದ್ದರು, ಮನೆಯಲ್ಲಿ ವಾರಕ್ಕೆರಡು ಸಲ ನುಗ್ಗೆಸೊಪ್ಪು. ಅಕ್ಕನಿಗೂ ಅದೇ ಬಿಳುಪು, ಅಕ್ಕನ ಮಗಳಿಗೂ ಅದೇ. ಮದುವೆಗೆ ಹೆಣ್ಣು ನೋಡುವವರು ಅದನ್ನೇ ಮೈಬಣ್ಣ ಎಂದು ಮೆಚ್ಚಿಕೊಳ್ಳುತ್ತಿದ್ದರು. ತಮ್ಮನಿಗೆ ರಕ್ತ ಕಮ್ಮಿ ಇರಬಹುದೇ ಎಂದು ಯಾರಿಗೂ ಹೊಳೆದಿರಲಿಲ್ಲ. ಗೊಬ್ಬರದ ಮೂಟೆ ಹೊತ್ತು ಓಡಾಡುವ ಗಂಡಾಳಿಗೆ ರಕ್ತ ಯಾಕೆ ಕಮ್ಮಿ ಇರುತ್ತದೆ?

ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳಬೇಕೆಂಬುದು ಅವ್ವನ ಆಸೆ. ನಮ್ಮ ಕಡೆ ಇದು ಆಸೆಯೂ ಅಲ್ಲ, ಹಕ್ಕು. ಅಕ್ಕನಿಗೆ ಮಗಳು ಹುಟ್ಟಿದ ದಿನವೇ ತೊಟ್ಟಿಲಿನ ಮುಂದೆ ಇದ್ದ ತಮ್ಮನನ್ನು "ನೋಡ್ಲಾ, ನಿನ್ ಎಂಡ್ತಿ" ಎಂದು ಗೋಳು ಹೊಯ್ದುಕೊಂಡಿದ್ದರು. ಅವನಿಗೆ ಆಗ ಒಂಬತ್ತು ವರ್ಷ, ನಾಚಿಕೆಯಿಂದ ಹಿತ್ತಲಿಗೆ ಓಡಿಹೋಗಿದ್ದ. ಆಮೇಲೆ ಹುಡುಗಿ ಬಿಕಾಂ ಓದಿದಳು, ಟೈಲರಿಂಗ್ ಕಲಿತಳು, ಮಾವನನ್ನು ಬಿಟ್ಟು ಬೇರೆಯವರನ್ನು ಆಗುವುದಿಲ್ಲ ಎಂದು ತಾನೇ ಹೇಳಿದಳು. ಬಲವಂತ ಯಾರದೂ ಇರಲಿಲ್ಲ. ಅವರಿಬ್ಬರಿಗೂ ಪ್ರೀತಿ ಇತ್ತು, ಈಗಲೂ ಇದೆ.

ಮದುವೆಗೆ ತಿಂಗಳಿರುವಾಗ, ಒಂದು ಭಾನುವಾರ ಬೆಳಿಗ್ಗೆ, ಅಕ್ಕ ಪಿರಿಯಾಪಟ್ಟಣದ ಬಸ್ಸಿಳಿದು ಹುಣಸೂರಿನ ನನ್ನ ಮನೆಗೆ ಬಂದಳು. ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಎರಡು ಕಾಗದ. ಒಂದು ಲಗ್ನಪತ್ರಿಕೆಯ ಪ್ರೂಫು. ನಾನು ತಿದ್ದಿ ಸಂಜೆಯೊಳಗೆ ಇಲ್ಲೇ ಹುಣಸೂರಿನ ಪ್ರೆಸ್ಸಿಗೆ ಕೊಡಬೇಕಿತ್ತು. ಇನ್ನೊಂದು ರಕ್ತದ ರಿಪೋರ್ಟು. ಮಗಳು ಕಾಲೇಜಿನ ರಕ್ತದಾನ ಶಿಬಿರಕ್ಕೆ ಹೋದಾಗ ರಕ್ತ ತೆಗೆದುಕೊಳ್ಳದೆ ವಾಪಸು ಕಳಿಸಿದ್ದರಂತೆ, ಮೈಸೂರಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ಎಂದು ಬರೆದುಕೊಟ್ಟಿದ್ದರಂತೆ.

ಅಕ್ಕನ ಮುಖ ಬಾಡಿಹೋಗಿತ್ತು. ನೀರು ಕೂಡ ಕುಡಿಯದೆ ರಿಪೋರ್ಟನ್ನು ನನ್ನ ಮುಂದೆ ಹಿಡಿದಳು.

"ನಮ್ಮುಡ್ಗಿಗೆ ಇಪ್ಪತ್ತೊಂದು ತುಂಬೈತೆ ಕಣಮ್ಮಿ. ಇದ್ರಲ್ಲಿ ಮೈನರು ಅಂತ ಯಾಕೆ ಬರ್ದವ್ರೆ? ಯಾರಾರ ಇದನ್ನ ತಕೊಂಡೋಗಿ ಕಂಪ್ಲೇಂಟ್ ಕೊಟ್ರೆ ಮದ್ವೆ ನಿಲ್ಲುಸ್ಬುಡ್ತಾರಾ?"

ನಾನು ಕಾಗದ ನೋಡಿದೆ. ಬೀಟಾ ಥಲಸ್ಸೀಮಿಯಾ ಮೈನರ್ ಎಂದಿತ್ತು. ನನಗೆ ನಗು ತಡೆಯಲಾಗಲಿಲ್ಲ. ಹಿಂದಿನ ತಿಂಗಳಷ್ಟೇ ಪಕ್ಕದೂರಿನಲ್ಲಿ ಹುಡುಗಿಗೆ ಹದಿನೆಂಟಾಗಿಲ್ಲ ಎಂದು ಅಧಿಕಾರಿಗಳು ಜೀಪಿನಲ್ಲಿ ಬಂದು ಮದುವೆ ನಿಲ್ಲಿಸಿದ್ದರು. ಅಕ್ಕ ಆ ಭಯವನ್ನು ಹೊತ್ತು ಬಸ್ಸಿನಲ್ಲಿ ಅಷ್ಟು ದೂರ ನಿಂತುಕೊಂಡೇ ಬಂದಿದ್ದಳು.

"ಅದು ವಯಸ್ಸಿನ ಮೈನರ್ ಅಲ್ಲ ಕಣಕ್ಕ! ರಕ್ತ ಸ್ವಲ್ಪ ಕಮ್ಮಿ ಅಂತ. ಮೈನರ್ ಅಂದ್ರೆ ಸಣ್ಣದು. ಏನೂ ಇಲ್ಲ."

"ಏನೂ ಇಲ್ವಾ?"

"ಏನೂ ಇಲ್ಲ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ನೀರು ಕೇಳಿ ಎರಡು ಲೋಟ ಕುಡಿದಳು. ಆಮೇಲೆ ಇಬ್ಬರೂ ಲಗ್ನಪತ್ರಿಕೆ ಹಿಡಿದು ಕೂತೆವು. ನಾನು ಕೆಂಪು ಪೆನ್ನು ತೆಗೆದುಕೊಂಡು ಹೆಸರು, ತಿಥಿ, ಮುಹೂರ್ತ ಎಲ್ಲವನ್ನೂ ಒಂದೊಂದೇ ಅಕ್ಷರವಾಗಿ ನೋಡಿದೆ. ಕೊನೆಯಲ್ಲಿ ಆಗಮನಾಭಿಲಾಷಿಗಳು ಎಂದಿರಬೇಕಾದ ಕಡೆ ಅಗಮನಾಭಿಲಾಷಿಗಳು ಎಂದು ಬಿದ್ದಿತ್ತು. ಆ ಅಕ್ಷರದ ಒಂದು ಕೊಂಡಿ ಬಿಟ್ಟುಹೋಗಿ, ನೀವು ಬರಬೇಕೆಂದು ಬಯಸುವವರು ನೀವು ಬಾರದಿರಲಿ ಎಂದು ಬಯಸುವವರಾಗಿದ್ದರು. ಅಕ್ಕನಿಗೆ ಅರ್ಥ ಬಿಡಿಸಿ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕೆವು. "ಓದ್ದೋಳು ಓದ್ದೋಳೇ ಬುಡು, ಎಂಥಾ ತಪ್ಪು ಇಡ್ದೆ!" ಎಂದು ಅಕ್ಕ ನನ್ನ ಬೆನ್ನು ತಟ್ಟಿದಳು.

ಈ ಮಾತನ್ನು ನಾನು ಎರಡು ವರ್ಷ ತರಗತಿಯಲ್ಲಿ ಹೇಳಿ ನಗಿಸಿದ್ದೇನೆ. ಮ್ಯುಟೇಶನ್ ಅಂದರೆ ಇಷ್ಟೇ ಕಣ್ರಮ್ಮ, ಒಂದಕ್ಷರ ಬದಲಾದರೆ ಬನ್ನಿ ಎನ್ನುವುದು ಬರಬೇಡಿ ಆಗುತ್ತದೆ ಎಂದು. ಮಕ್ಕಳಿಗೆ ಅದು ಚೆನ್ನಾಗಿ ನೆನಪಿರುತ್ತಿತ್ತು. ಈಗ ಹೇಳುವುದಿಲ್ಲ.

ಆ ರಿಪೋರ್ಟಿನ ಕೆಳಗೆ, ಸಣ್ಣ ಅಕ್ಷರದಲ್ಲಿ, ಮದುವೆಗೆ ಮೊದಲು ಹುಡುಗನ ರಕ್ತವನ್ನೂ ಪರೀಕ್ಷಿಸಬೇಕು ಎಂಬ ಸಲಹೆ ಇತ್ತು. ಅದನ್ನು ನಾನು ಓದಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಓದಿದ್ದೆ. ತಂದೆ ತಾಯಿ ಇಬ್ಬರೂ ಮೈನರ್ ಆದರೆ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಮೇಜರ್, ಅಂದರೆ ಬದುಕಿರುವಷ್ಟು ದಿನ ರಕ್ತ ಹಾಕಿಸಬೇಕಾದ ಕಾಯಿಲೆ, ಬರುತ್ತದೆ ಎಂದು ಚೌಕದ ಮನೆ ಎಳೆದು ಪಾಠ ಮಾಡುವವಳು ನಾನು. ಅವ್ವನ ಬಿಳುಪು ಅಕ್ಕನಿಗೆ, ಅಕ್ಕನ ಬಿಳುಪು ಮಗಳಿಗೆ ಬಂದಿದೆ ಎಂದಾದರೆ ತಮ್ಮನಿಗೂ ಬಂದಿರಬಹುದು ಎಂದು ಲೆಕ್ಕ ಹಾಕಲು ನನಗೆ ಎರಡು ನಿಮಿಷ ಬೇಕಾಗಿರಲಿಲ್ಲ. ಅವನಿಗೆ ಇರಲೇಬೇಕೆಂದೇನಿಲ್ಲ ಎಂದುಕೊಂಡೆ. ಸಂಜೆಗೆ ಪ್ರೆಸ್ಸಿಗೆ ಕೊಡಬೇಕಿತ್ತು. ಅಕ್ಕ ನಗುತ್ತಿದ್ದಳು. ಒಂದು ಫೋನು ಮಾಡಿ ತಮ್ಮನಿಗೆ ಮೈಸೂರಿಗೆ ಹೋಗಿ ರಕ್ತ ಕೊಟ್ಟು ಬಾ ಎನ್ನಲು ನನಗೆ ಬಾಯಿ ಬರಲಿಲ್ಲ. ಇಷ್ಟು ವರ್ಷದ ಮೇಲೂ ಇದಕ್ಕೊಂದು ಒಳ್ಳೆಯ ಕಾರಣ ನನಗೆ ಸಿಕ್ಕಿಲ್ಲ.

ಮದುವೆ ಚೆನ್ನಾಗಿಯೇ ಆಯಿತು. ಎರಡನೇ ವರ್ಷಕ್ಕೆ ಹೆಣ್ಣು ಮಗು. ಮಗುವಿಗೆ ನಾನು ಅಪ್ಪನ ಕಡೆಯಿಂದ ಅತ್ತೆ, ಅವ್ವನ ಕಡೆಯಿಂದ ಅಜ್ಜಿ. ಎರಡೂ ಒಬ್ಬಳೇ ಆದದ್ದಕ್ಕೆ ಮನೆಯಲ್ಲಿ ಎಲ್ಲರಿಗೂ ಮೋಜು. ಅಕ್ಕ "ಅಜ್ಜಿ ಅನ್ನೇ" ಎಂದು ಕಲಿಸಿದರೆ ತಮ್ಮ "ಅತ್ತೆ ಅನ್ನು ಮಗ" ಎನ್ನುತ್ತಿದ್ದ. ಮಗು ಕೊನೆಗೆ ಎರಡನ್ನೂ ಸೇರಿಸಿ ಅತ್ತಜ್ಜಿ ಎಂದಿತು. ಅದೇ ಉಳಿಯಿತು.

ಏಳನೇ ತಿಂಗಳಿನಲ್ಲಿ ಮಗು ಹಾಲು ಬಿಟ್ಟಿತು. ಹೊಟ್ಟೆ ಉಬ್ಬಿ, ಮೈ ಸೊರಗಿತು. ಊರಿನ ಕಡೆ ಟಾನಿಕ್ ಬರೆದುಕೊಟ್ಟರು, ಅದರಲ್ಲೂ ಕಬ್ಬಿಣ. ದೀಪಾವಳಿ ರಜೆಗೆ ಊರಿಗೆ ಹೋದ ನಾನು ಮಗುವಿನ ಕೆಳರೆಪ್ಪೆಯನ್ನು ಎಳೆದು ನೋಡಿದೆ. ಕೆಂಪು ಇರಲಿಲ್ಲ, ಹಳೇ ಕಾಗದದ ಬಣ್ಣ ಇತ್ತು. ಆ ಕ್ಷಣವೇ ನನಗೆ ಗೊತ್ತಾಯಿತು. ಜಗಲಿಯ ಮೇಲೆ ಕೂತೆ. ಅವ್ವ ಒಳಗಿನಿಂದ "ನಮ್ಮನೆ ಎಣ್ಣೈಕ್ಳಿಗೆಲ್ಲ ರಕ್ತ ಕಮ್ಮಿ ಕಣೆ, ಸರ್ಯಾಯ್ತದೆ" ಎಂದಳು. ಮಾರನೇ ದಿನ ನಾನೇ ಅವರನ್ನು ಮೈಸೂರಿಗೆ ಕರೆದುಕೊಂಡು ಹೋದೆ.

ಪರೀಕ್ಷೆಯಲ್ಲಿ ಮೇಜರ್ ಎಂದೇ ಬಂತು. ಅವತ್ತಿನಿಂದ ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಹಂಪಾಪುರದಲ್ಲಿ ಬೆಳಗಿನ ಬಸ್ಸು ಹತ್ತಿ ಅವರು ಬರುತ್ತಾರೆ, ಹುಣಸೂರಿನಿಂದ ನಾನು ಹೋಗಿ ಸೇರಿಕೊಳ್ಳುತ್ತೇನೆ. ಮಗುವಿಗೆ ಈಗ ಆರು ವರ್ಷ. ನರ್ಸಮ್ಮನಿಗೆ ತಾನೇ ಹೇಳುತ್ತಾಳೆ: "ಈ ಕೈ ಬ್ಯಾಡ ಆಂಟಿ, ಓದ್ಸಲ ಇದ್ರಲ್ಲಿ ನರ ಸಿಕ್ಕಿಲ್ಲ, ಆ ಕೈ ನೋಡಿ." ರಕ್ತ ಹಾಕಿಸಿಕೊಂಡ ಹತ್ತು ದಿನ ಕುಣಿಯುತ್ತಾಳೆ. ಎರಡನೇ ವಾರದ ಕೊನೆಗೆ ಓಟ ನಡಿಗೆಯಾಗುತ್ತದೆ. ಮೂರನೇ ವಾರ ಜಗಲಿಯ ಎರಡು ಮೆಟ್ಟಿಲು ಹತ್ತಲು ಅಪ್ಪನನ್ನು ಕರೆಯುತ್ತಾಳೆ. ಕ್ಯಾಲೆಂಡರ್ ನೋಡದೆ ತಮ್ಮ ಆಸ್ಪತ್ರೆಯ ದಿನ ಹೇಳಬಲ್ಲ.

ಜೀವ ಉಳಿಸುವ ಆ ರಕ್ತವೇ ಮೈಯಲ್ಲಿ ಕಬ್ಬಿಣ ತುಂಬುತ್ತದೆ. ಒಂದು ಕಾಲಕ್ಕೆ ನಮ್ಮವರು ನುಗ್ಗೆಸೊಪ್ಪು ತಿನ್ನಿಸಿ ತುಂಬಲು ನೋಡಿದ್ದ ಅದೇ ಕಬ್ಬಿಣ ಈಗ ಪಿತ್ತಜನಕಾಂಗಕ್ಕೆ, ಹೃದಯಕ್ಕೆ ಹೋಗಿ ಕೂರುತ್ತದೆ. ಅದನ್ನು ಹೊರಹಾಕಲು ಪ್ರತಿ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿಗೆ ಕದಡಿ ಕುಡಿಯುವ ಮಾತ್ರೆ. ಸುಣ್ಣದ ನೀರಿನಂತಿರುತ್ತದೆ, ವಾಂತಿ ಮಾಡಿಕೊಳ್ಳುತ್ತಾಳೆ, ಮತ್ತೆ ಕುಡಿಸುತ್ತಾರೆ. ಬೆಳವಣಿಗೆ ಕುಂಠಿತ. ಬಣ್ಣ ಕಂದುತ್ತಿದೆ. ಡಾಕ್ಟರು ಒಳ್ಳೆಯವರು, ಸುಳ್ಳು ಭರವಸೆ ಕೊಡುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ದೊಡ್ಡವಳಾಗುತ್ತಾಳೆ ಎನ್ನುತ್ತಾರೆ, ಎಷ್ಟು ದೊಡ್ಡವಳು ಎಂದು ಹೇಳುವುದಿಲ್ಲ. ಒಡಹುಟ್ಟಿದ ಒಂದು ಆರೋಗ್ಯವಂತ ಮಗು ಇದ್ದು, ಅದು ಹೊಂದಿಕೆಯಾದರೆ, ಅದರ ಮೂಳೆಯೊಳಗಿನ ಮಜ್ಜೆಯನ್ನು ಇವಳಿಗೆ ಹಾಕಿ ಪೂರ್ತಿ ವಾಸಿ ಮಾಡಬಹುದು ಎಂದೂ ಹೇಳಿದ್ದರು. ಆ ಮಾತು ತಮ್ಮನ ಹೆಂಡತಿಯ, ಅಂದರೆ ನನ್ನ ಅಕ್ಕನ ಮಗಳ, ತಲೆಯಲ್ಲಿ ನಿಂತುಬಿಟ್ಟಿತು.

ಇನ್ನೊಂದು ಮಗು ಮಾಡಿಕೊಳ್ಳುವುದಾದರೆ ಮೊದಲು ಯಾವ ಅಕ್ಷರ ತಪ್ಪಿದೆ ಎಂದು ತಿಳಿಯಬೇಕೆಂದು ಮೂವರ ರಕ್ತವನ್ನೂ ಜೀನ್ ಪರೀಕ್ಷೆಗೆ ಕಳಿಸಿದರು. ರಿಪೋರ್ಟು, ಎಂದಿನಂತೆ, ನನ್ನ ಕೈಗೆ ಬಂತು. ರಕ್ತದ ಹಿಮೋಗ್ಲೋಬಿನ್ ತಯಾರಿಸುವ ಬೀಟಾ ಗ್ಲೋಬಿನ್ ಜೀನು. ಮೊದಲನೇ ಇಂಟ್ರಾನಿನ ಐದನೇ ಅಕ್ಷರ. ಜಿ ಇರಬೇಕಾದ ಕಡೆ ಸಿ.

ಆಸ್ಪತ್ರೆಯ ಕಾರಿಡಾರಿನಲ್ಲಿ ಅದನ್ನು ಹಿಡಿದು ನಾನು ನಿಂತೇ ಇದ್ದೆ. ಇಂಟ್ರಾನಿನಲ್ಲಿ. ಎಸೆಯುವ ತುಂಡಿನಲ್ಲಿ. ಪ್ರೋಟೀನಿನ ಒಂದೇ ಒಂದು ಅಕ್ಷರವೂ ತಪ್ಪಿರಲಿಲ್ಲ, ಬೇಕಾದ ತುಂಡುಗಳೆಲ್ಲ ಸರಿಯಾಗಿದ್ದವು. ನನಗೆ ಕೆ.ಆರ್. ನಗರದ ಆ ಹುಡುಗಿ ನೆನಪಾದಳು. ಕೂತ್ಕೋ ಎಂದಿದ್ದೆನಲ್ಲ ಎನಿಸಿ ನಾಚಿಕೆಯಾಯಿತು.

ಆ ವಾರ ಊರಿಗೆ ಹೋದಾಗ ಅಕ್ಕನ ಮಗಳು ಮಷಿನ್ನಿನ ಮುಂದೆ ಕೂತು ಯಾರದೋ ಬ್ಲೌಸ್ ಹೊಲಿಯುತ್ತಿದ್ದಳು. ಊರಿನ ಅರ್ಧ ಹೆಂಗಸರ ಅಳತೆ ಅವಳಿಗೆ ಬಾಯಿಪಾಠ.

"ಚಿಕ್ಕವ್ವ, ಅದೇನು ತಪ್ಪೈತೆ ಅಂತ ನಂಗೂ ಅರ್ಥ ಆಗೋಂಗೆ ಒಂದ್ಸಲ ಹೇಳಿ. ಡಾಕ್ಟ್ರು ಹೇಳಿದ್ದು ತಲೆಗೆ ಹೋಗ್ಲಿಲ್ಲ."

ನಾನು ಅವಳ ಬಟ್ಟೆಯನ್ನೇ ತೆಗೆದುಕೊಂಡೆ. ಡಿಎನ್‌ಎ ಎಂದರೆ ಮನೆಯಲ್ಲಿ ಜೋಪಾನವಾಗಿಟ್ಟ ಅಳತೆ ಬ್ಲೌಸು, ಅದಕ್ಕೆ ಯಾರೂ ಕತ್ತರಿ ಹಾಕುವುದಿಲ್ಲ ಎಂದೆ. ಅದನ್ನು ನೋಡಿಕೊಂಡು ಹೊಸ ಬಟ್ಟೆಯ ಮೇಲೆ ಗೆರೆ ಎಳೆಯುವುದೇ ನಕಲು. ಬೇಡದ ಬಟ್ಟೆ ಕತ್ತರಿಸಿ ತೆಗೆದು, ಬೇಕಾದ ತುಂಡು ಜೋಡಿಸಿ ಹೊಲಿದರೆ ಬ್ಲೌಸು, ಅಂದರೆ ಪ್ರೋಟೀನು. "ಕತ್ತರಿ ಎಲ್ಲಿಗೆ ಹಾಕಬೇಕು ಅನ್ನೋ ಗುರುತು ಎಲ್ಲಿರುತ್ತೆ ಹೇಳು?"

"ಉಳಿಕೆ ಬಟ್ಟೆ ಅಂಚಲ್ಲಿ. ಬೇಕಾದ್ರ ಮೇಲೆ ಗೀಚುದ್ರೆ ಕರೆ ಉಳ್ಕೊಬುಡ್ತದೆ."

"ಇಲ್ಲೂ ಹಾಗೇ. ಗುರುತು ಇರೋದೇ ಎಸೆಯೋ ತುಂಡಿನ ಅಂಚಲ್ಲಿ. ನಮ್ಮ ಮನೆಯಲ್ಲಿ ಆ ಗುರುತು ಅಳಿಸಿದೆ. ಕತ್ತರಿ ಬರುತ್ತೆ, ಗುರುತು ಕಾಣಲ್ಲ, ಆಚೆ ಈಚೆ ಎಲ್ಲೋ ಹಾಕಿಬಿಡುತ್ತೆ. ಎಲ್ಲೋ ಅಪರೂಪಕ್ಕೆ ಒಂದು ಸರಿಯಾಗುತ್ತೆ. ಉಳಿದದ್ದೆಲ್ಲ ಹಾಳು. ಹಾಳಾದ ನಕಲನ್ನ ಜೀವಕೋಶ ಹರಿದುಹಾಕುತ್ತೆ. ಅದಕ್ಕೇ ಇವಳಿಗೆ ರಕ್ತದ ಪ್ರೋಟೀನು ಸಾಲಲ್ಲ."

ಅವಳು ಕೈಯಲ್ಲಿದ್ದ ತೋಳಿನ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಇಪ್ಪತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇಷ್ಟು ಬೇಗ ಅರ್ಥ ಮಾಡಿಕೊಂಡಿರಲಿಲ್ಲ.

"ಹೊಲಿಗೆ ತಪ್ಪಾದ್ರೆ ಬಿಚ್ಬೋದು. ಕತ್ತರಿ ತಪ್ಪಾದ್ರೆ ಏನೂ ಮಾಡಕ್ಕಾಗಲ್ಲ" ಎಂದಳು. ಆಮೇಲೆ ಕೇಳಿದಳು: "ನಂಗೂ ಮಾವಂಗೂ ಒಂದೊಂದು ಅಳತೆ ಸರಿಯಾಗಿತ್ತು, ಅದ್ಕೆ ನಾವು ಬಚಾವು. ಅಲ್ವಾ? ಇವಳ್ಗೆ ಎರಡೂ ಕಡೆಯಿಂದ ಕೆಟ್ಟಿದ್ದೇ ಬಂತು."

ಹೌದು ಎಂದೆ. ಆ ಒಂದಕ್ಷರ ಬಂದದ್ದು ನಮ್ಮ ಅವ್ವನಿಂದ. ಒಂದು ದಾರಿ ಅಕ್ಕನ ಮೂಲಕ ಪಿರಿಯಾಪಟ್ಟಣಕ್ಕೆ ಹೋಗಿ ವಾಪಸು ಬಂತು, ಇನ್ನೊಂದು ಹಂಪಾಪುರದಲ್ಲೇ ಉಳಿದಿತ್ತು. ಎರಡೂ ಈ ಮಗುವಿನಲ್ಲಿ ಸೇರಿಕೊಂಡವು. ಅವ್ವ ಅಷ್ಟರಲ್ಲಿ ತೀರಿಹೋಗಿದ್ದಳು, ಅವಳಿಗೆ ಇದು ಗೊತ್ತಾಗಲಿಲ್ಲ. ನಾನೂ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿಕೊಂಡೆ. ಅಕ್ಕನಿಗೂ ತಮ್ಮನಿಗೂ ಬಂದದ್ದು ನನಗೆ ಬಂದಿರಲಿಲ್ಲ, ಪೂರ್ತಿ ನಾರ್ಮಲ್. ಆ ಕಾಗದವನ್ನು ನಾನು ಯಾರಿಗೂ ತೋರಿಸಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ನನ್ನ ಸೆರಗು ಮಾತ್ರ ಸುಡದೆ ಉಳಿದಂತೆ ಅವಮಾನವಾಯಿತು.

ಅವತ್ತು ಮಷಿನ್ನಿನ ಮುಂದೆಯೇ ಹೇಳಿಬಿಡಬೇಕಿತ್ತು, ನನಗೆ ಮದುವೆಗೆ ಮೊದಲೇ ಗೊತ್ತಿತ್ತು ಎಂದು. ಬಾಯಿಗೆ ಬಂದಿತ್ತು. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಈ ವರ್ಷ ಅವಳು ಮತ್ತೆ ಬಸುರಾದಳು. "ಈ ಸಲ ಒಂದು ಗಟ್ಟಿ ಮಗು ಬತ್ತದೆ ನೋಡ್ತಾ ಇರಿ, ತನ್ನಕ್ಕನ್ನೂ ಉಳಿಸ್ಕೊತದೆ" ಎಂದಳು. ನಾಲ್ಕರಲ್ಲಿ ಮೂರು ಪಾಲು ಒಳ್ಳೆಯದೇ ಆಗುತ್ತದೆ ಎಂದು ನಾನೂ ಹೇಳಿದೆ, ಅದು ನಿಜವೇ. ಆದರೆ ಆ ನಾಲ್ಕು ಪಾಲಿನಲ್ಲಿ ಯಾವುದು ನಮ್ಮ ಕೈಗೆ ಬರುತ್ತದೆ ಎಂಬುದನ್ನು ನನ್ನ ಚೌಕದ ಮನೆ ಹೇಳುವುದಿಲ್ಲ. ಮೂರನೇ ತಿಂಗಳಿನಲ್ಲಿ ಗರ್ಭದಿಂದ ಸೂಜಿಯಲ್ಲಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫೋನ್ ನಂಬರ್ ನನ್ನದೇ ಬರೆಸಿದರು, ಇಂಗ್ಲಿಷ್ ಓದುವವಳು ನಾನಲ್ಲವೇ. ಆ ಎರಡು ವಾರ ಅಕ್ಕ ಊರಿನ ಎಲ್ಲ ದೇವರಿಗೂ ಹರಕೆ ಹೊತ್ತಳು. ತಮ್ಮ ದಿನಕ್ಕೆರಡು ಸಲ ಫೋನು ಮಾಡಿ ಏನೂ ಕೇಳದೆ ಮಳೆ ಬಂತಾ ಎನ್ನುತ್ತಿದ್ದ.

ಮೂರನೇ ಪೀರಿಯಡ್ಡು ಮುಗಿಸಿ ಸ್ಟಾಫ್ ರೂಮಿಗೆ ಬಂದಾಗ ರಿಪೋರ್ಟು ಬಂದಿತ್ತು. ಹಿಂದೊಮ್ಮೆ ಎರಡು ನಿಮಿಷದಲ್ಲಿ ಓದಿ ಮಡಿಸಿಟ್ಟವಳು, ಈ ಸಲ ಹತ್ತು ಸಲ ಓದಿದೆ. ಅಪ್ಪನಿಂದ ಬಂದ ಪ್ರತಿ, ಅವ್ವನಿಂದ ಬಂದ ಪ್ರತಿ, ಎರಡರಲ್ಲೂ ಅದೇ ಜಾಗ, ಅದೇ ತಪ್ಪು ಅಕ್ಷರ. ಪಕ್ಕದಲ್ಲಿ ಕೂತಿದ್ದ ಕನ್ನಡ ಮೇಡಂ ಚಪಾತಿ ಕೊಟ್ಟರು, ಇಸಿದುಕೊಂಡೆ, ತಿನ್ನಲಾಗಲಿಲ್ಲ. ಅರ್ಧ ದಿನ ರಜೆ ಬರೆದು ಕೋಟೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತುಗಳನ್ನು ಹೊಂದಿಸಿಕೊಂಡೆ, ಹಂಪಾಪುರ ಬರುವಷ್ಟರಲ್ಲಿ ಎಲ್ಲ ಮರೆತುಹೋಗಿತ್ತು.

ತಮ್ಮ ಹೊಲದಲ್ಲಿದ್ದ. ಅಕ್ಕನ ಮಗಳು ಜಗಲಿಯಲ್ಲಿ ಮಷಿನ್ನಿನ ಮುಂದೆ ಇದ್ದಳು. ಮಗುವಿಗೆ ಅದು ಮೂರನೇ ವಾರ, ಉಳಿಕೆ ಬಟ್ಟೆಯ ರಾಶಿಯ ಮೇಲೆ ಮಲಗಿ ನಿದ್ದೆ ಹೋಗಿತ್ತು. ಹೇಳದೆ ಕೇಳದೆ ಮಧ್ಯಾಹ್ನ ಬಂದವಳನ್ನು ನೋಡಿ ಅವಳ ಕಾಲು ಮಷಿನ್ನಿನ ಮೇಲೆ ನಿಂತಿತು.

"ಬಂತಾ ಚಿಕ್ಕವ್ವ?"

"ಬಂತು."

"ಮೈನರಾ?" ಎಂದಳು. ಕಣ್ಣಲ್ಲಿ ಎಂಥಾ ಆಸೆ ಇತ್ತೆಂದರೆ, ಆ ಮಾತನ್ನು ಯಾರೂ ಅಷ್ಟು ಆಸೆಯಿಂದ ಕೇಳಿರಲಾರರು.

"ಅಲ್ಲ ಮಗ."

ಅವಳು ಅಳಲಿಲ್ಲ. ಸೂಜಿಯ ಕೆಳಗಿದ್ದ ಬಟ್ಟೆಯನ್ನು ನಿಧಾನವಾಗಿ ಎಳೆದು ದಾರ ಕತ್ತರಿಸಿದಳು. ನಾನು ಅವಳ ಪಕ್ಕ ಕೂತೆ. ಇನ್ನೂ ಮನಸ್ಸಿನಲ್ಲೇ ಬಚ್ಚಿಟ್ಟುಕೊಂಡರೆ ನಾನು ಮನುಷ್ಯಳೇ ಅಲ್ಲ ಎನಿಸಿ ಹೇಳಿದೆ. ಲಗ್ನಪತ್ರಿಕೆ ತಿದ್ದಿದ ದಿನ ಅವಳ ರಿಪೋರ್ಟು ನೋಡಿದ್ದು, ಕೆಳಗಿನ ಸಾಲು ಓದಿದ್ದು, ತಮ್ಮನ ರಕ್ತ ಪರೀಕ್ಷೆ ಮಾಡಿಸಬೇಕೆಂದು ಗೊತ್ತಿದ್ದೂ ಅಕ್ಕನಿಗೆ ಏನೂ ಇಲ್ಲ ಎಂದದ್ದು.

ಅವಳು ಕತ್ತರಿಯನ್ನು ಮಷಿನ್ನಿನ ಮೇಲಿಟ್ಟು ನನ್ನ ಕಡೆ ತಿರುಗಿದಳು.

"ಓದಿದ್ರಾ?"

"ಓದಿದ್ದೆ."

"ಹೇಳ್ಬೇಕಿತ್ತು ಚಿಕ್ಕವ್ವ" ಎಂದಳು. ಬೈಯಲಿಲ್ಲ. ಬೈದಿದ್ದರೆ ನಾನು ಕಾಲು ಹಿಡಿಯಬಹುದಿತ್ತು. ಆಮೇಲೆ "ನಮ್ಮವ್ವಂಗೆ ಗೊತ್ತಾಗೋದ್ ಬ್ಯಾಡ. ಅವಳು ತಡ್ಕೊಳಕಿಲ್ಲ" ಎಂದು ಮಾತ್ರ ಹೇಳಿದಳು.

ಹೊಟ್ಟೆಯಲ್ಲಿರುವುದನ್ನು ತೆಗೆಸಲು ಇನ್ನೂ ಸಮಯವಿದೆ, ಡಾಕ್ಟರು ಈ ವಾರವೇ ಬನ್ನಿ ಎಂದಿದ್ದಾರೆ, ನಾನೇ ಜೊತೆಗೆ ಬರುತ್ತೇನೆ ಎಂದೆ. ಅದು ತಪ್ಪಲ್ಲ, ಯಾರೂ ನಿನ್ನನ್ನು ಏನೂ ಅನ್ನುವುದಿಲ್ಲ ಎಂದೂ ಹೇಳಿದೆ. ಅವಳು ತಲೆ ಆಡಿಸಿದಳು, ಕೇಳಿಸಿಕೊಳ್ಳುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ. ಬಟ್ಟೆಯ ರಾಶಿಯ ಮೇಲೆ ಮಲಗಿದ್ದ ಮಗಳನ್ನೇ ನೋಡುತ್ತಿದ್ದಳು.

"ಇದನ್ನ ಬ್ಯಾಡ ಅಂದ್ರೆ ಅವಳ್ನೂ ಬ್ಯಾಡ ಅಂದಂಗಲ್ವಾ? ಇಬ್ರೂ ಒಂದೇ ಅಲ್ವಾ ಚಿಕ್ಕವ್ವ, ಅಕ್ಷರಕ್ಕಕ್ಷರ?"

ಅವಳು ಎದ್ದು ಮಗಳ ಮೇಲೆ ಒಂದು ಟವೆಲ್ ಹೊದಿಸಿ, ನೊಣ ಓಡಿಸಿ, ಮತ್ತೆ ಬಂದು ನನ್ನೆದುರು ನಿಂತಳು.

"ಇಬ್ರಿಗೂ ಒಂದೇ ದಿನ ರಕ್ತ ಹಾಕ್ತಾರಾ ಅಲ್ಲಿ? ಇಲ್ಲ ಬ್ಯಾರೆ ಬ್ಯಾರೆ ದಿನ ಕರ್ಕೊಂಡೋಗ್ಬೇಕಾ?"

ಒಂದೇ ದಿನ ಹಾಕಿಸಬಹುದು, ಅಕ್ಕಪಕ್ಕದ ಮಂಚ ಕೊಡಿ ಅಂತ ನಾನು ನರ್ಸಮ್ಮನ ಹತ್ತಿರ ಮಾತಾಡ್ತೀನಿ ಎಂದೆ.